ಕಡತದ ಹೆಸರು, ಕನ್ನಡದ ಅಕ್ಷರ ಮತ್ತು ಟರ್ಮಿನಲ್ಲಿನ ಮನೆ

ಮಠಗಳ ಗ್ರಂಥಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಜೋಪಾನ ಮಾಡಿಕೊಂಡು ಬಂದವರು ಬಲ್ಲ ಸಂಗತಿಯೊಂದುಂಟು. ಕಟ್ಟು ಇದ್ದರೆ ಸಾಲದು. ಅದರ ಹೆಸರು ಪಟ್ಟಿಯಲ್ಲಿರಬೇಕು, ಪಟ್ಟಿಯ ಹೆಸರನ್ನು ಹಿಡಿದು ಕಟ್ಟನ್ನು ತೆಗೆಯಲು ಬರಬೇಕು. ಹೆಸರು ತಪ್ಪಿದ ಕಟ್ಟು ಇದ್ದೂ ಇಲ್ಲದಂತೆ. ಹಾಜರಿ ಪುಸ್ತಕ, ಫಲಿತಾಂಶದ ವಹಿ, ಸಮೂಹಚಿತ್ರ, ಸ್ಕ್ಯಾನ್ ಮಾಡಿದ ಹಸ್ತಪ್ರತಿ ಇವೆಲ್ಲವೂ ಗಣಕಯಂತ್ರದ ಡಿಸ್ಕನ್ನು ಸೇರುತ್ತಿರುವ ಈ ಕಾಲದಲ್ಲಿ ಆ ಮಾತು ಮತ್ತೆ ನೆನಪಾಗಬೇಕಾಗಿದೆ. ಡಿಸ್ಕಿನಲ್ಲಿರುವ ಕಡತಗಳ ಪಟ್ಟಿಯನ್ನು ತೋರಿಸಿ, ತೆರೆದು, ಹೆಸರು ಬದಲಿಸಿ, ಸ್ಥಳಾಂತರಿಸಿ, ಬೇಡವಾದುದನ್ನು ಅಳಿಸಿಕೊಡುವ ತಂತ್ರಾಂಶಕ್ಕೆ ಫೈಲ್ ಮ್ಯಾನೇಜರ್ ಎಂದು ಹೆಸರು. ಅದರಲ್ಲಿಯೂ ಚಿತ್ರ, ಕಿಟಕಿ, ಮೌಸ್ ಯಾವುದರ ಹಂಗೂ ಇಲ್ಲದೆ, ಕೇವಲ ಅಕ್ಷರಗಳಿಂದ ನಡೆಯುವ ಟರ್ಮಿನಲ್ಲಿನಲ್ಲಿ ಕೆಲಸ ಮಾಡುವ ಹಗುರವಾದ ಫೈಲ್ ಮ್ಯಾನೇಜರನ್ನು ಕಟ್ಟುವ ಬಗೆ ಎಂತು, ಅದರಲ್ಲಿ ಕನ್ನಡದ ಹೆಸರುಗಳು ನೆಟ್ಟಗೆ ನಿಲ್ಲಬೇಕಾದರೆ ಏನಾಗಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಬಗೆಯ ಸಾಧನ ಹೊಸದೇನಲ್ಲ. ೧೯೮೬ರಲ್ಲಿ ಜಾನ್ ಸೋಚಾ ಅವರ ನಾರ್ಟನ್ ಕಮಾಂಡರ್ ಬಂದಿತು. ತೆರೆಯ ಎಡಬಲಗಳಲ್ಲಿ ಎರಡು ಪಟ್ಟಿಗಳನ್ನಿಟ್ಟು ಒಂದರಿಂದ ಇನ್ನೊಂದಕ್ಕೆ ಕಡತ ಸಾಗಿಸುವ ಪದ್ಧತಿಯನ್ನು ಅದು ಜನಪ್ರಿಯಗೊಳಿಸಿತು. ೧೯೯೪ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಅದೇ ಮಾದರಿಯ ಮಿಡ್‌ನೈಟ್ ಕಮಾಂಡರನ್ನು ಯುನಿಕ್ಸ್ ಲೋಕಕ್ಕೆ ತಂದರು. ಈಚಿನವುಗಳಲ್ಲಿ ಅರುಣ್ ಪ್ರಕಾಶ್ ಜಾನಾ ಅವರು ಸಿ ಭಾಷೆಯಲ್ಲಿ ಬೆಳೆಸಿದ ‘ಎನ್‌ಎನ್‌ಎನ್’ ತನ್ನ ಅಲ್ಪ ಗಾತ್ರಕ್ಕೆ ಹೆಸರಾಗಿದೆ. ಶಾಲೆಗಳಿಗೆ ದಾನವಾಗಿ ಬರುವ ಯಂತ್ರಗಳು ಬಹುಮಟ್ಟಿಗೆ ಹಳೆಯವು, ನೆನಪಿನ ಶಕ್ತಿ ಕಡಮೆ ಇರುವಂಥವು. ಅಂಥಲ್ಲಿ ಹಗುರವಾದ ಸಾಧನವೊಂದು ಕೈಗೆ ಬಂದರೆ ಮೂಲೆ ಸೇರಿದ ಯಂತ್ರಕ್ಕೂ ಕೆಲಸ ಸಿಕ್ಕುತ್ತದೆ.

ಮೊದಲು ಫೋಲ್ಡರು ಎಂದರೇನೆಂದು ತಿಳಿಯಬೇಕು. ಫೋಲ್ಡರನ್ನು ಪೆಟ್ಟಿಗೆಯೆಂದೂ ಕಡತಗಳು ಅದರೊಳಗಿವೆಯೆಂದೂ ಭಾವಿಸುವುದು ರೂಢಿ. ಲಿನಕ್ಸಿನಲ್ಲಿ ಫೋಲ್ಡರೆಂಬುದು ಪೆಟ್ಟಿಗೆಯಲ್ಲ, ಪಟ್ಟಿ. ಅದರಲ್ಲಿರುವುದು ಹೆಸರು ಮತ್ತು ಐನೋಡ್ ಎಂಬ ಒಂದು ಸಂಖ್ಯೆ, ಇಷ್ಟೇ. ಕಡತದ ಗಾತ್ರ, ದಿನಾಂಕ, ಒಡೆತನ, ಒಳಗಿನ ವಿಷಯ ಯಾವ ಜಾಗದಲ್ಲಿದೆ ಎಂಬ ವಿವರ ಇವೆಲ್ಲ ಆ ಸಂಖ್ಯೆಯ ಲೆಕ್ಕದಲ್ಲಿರುತ್ತವೆ. ೧೧೧೨ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ಹಿಂದೆ ಯಲಬುರ್ಗಾ ತಾಲೂಕಿನಲ್ಲಿತ್ತು. ಕುಕನೂರು ಪ್ರತ್ಯೇಕ ತಾಲೂಕಾದ ಮೇಲೆ ಅದರ ಲೆಕ್ಕಕ್ಕೆ ಬಂದಿತು. ಗುಡಿಯ ಒಂದು ಕಲ್ಲೂ ಅಲುಗಲಿಲ್ಲ. ಬದಲಾದದ್ದು ವಹಿಯ ನಮೂದು. ಆ ದೇವಾಲಯದ ನೂರಾರು ಚಿತ್ರಗಳಿರುವ ಫೋಲ್ಡರನ್ನು ‘ಯಲಬುರ್ಗಾ’ದಿಂದ ‘ಕುಕನೂರು’ ಎಂಬಲ್ಲಿಗೆ ಸಾಗಿಸಿದಾಗಲೂ ನಡೆಯುವುದು ಇಷ್ಟೇ. ಆದುದರಿಂದಲೇ ಎಷ್ಟು ದೊಡ್ಡ ಫೋಲ್ಡರಾದರೂ ಕ್ಷಣಾರ್ಧದಲ್ಲಿ ಸಾಗುತ್ತದೆ. ಆದರೆ ಒಂದು ಡಿಸ್ಕಿನಿಂದ ಪೆನ್‌ಡ್ರೈವಿಗೆ ಸಾಗಿಸುವಾಗ ಈ ಉಪಾಯ ನಡೆಯದು. ಪೂರ್ತಿ ನಕಲು ಮಾಡಿ, ನಕಲು ಮುಗಿದುದನ್ನು ಖಚಿತಪಡಿಸಿಕೊಂಡು, ಆಮೇಲೆ ಮೂಲವನ್ನು ಅಳಿಸಬೇಕು. ಅವಸರದಲ್ಲಿ ಈ ಕ್ರಮ ತಪ್ಪಿ ನಡುವೆ ವಿದ್ಯುತ್ ಹೋದರೆ ಮೂಲವೂ ಇಲ್ಲ, ನಕಲೂ ಇಲ್ಲ.

ಇಂಥ ತಂತ್ರಾಂಶವನ್ನು ಕಟ್ಟಲು ಹೊರಟ ವಿದ್ಯಾರ್ಥಿ ಮಾಡಬೇಕಾದ ಕೆಲಸಗಳ ಕ್ರಮ ಸರಳವಾಗಿದೆ. ಟರ್ಮಿನಲ್ಲು ಸಹಜವಾಗಿ ಎಂಟರ್ ಕೀಲಿ ಒತ್ತುವವರೆಗೆ ಕಾಯುತ್ತದೆ. ಒತ್ತಿದ ಒಂದೊಂದು ಕೀಲಿಯೂ ಕೂಡಲೇ ತಂತ್ರಾಂಶಕ್ಕೆ ತಲುಪುವಂತೆ ಮೊದಲು ಆ ವ್ಯವಸ್ಥೆಯನ್ನು ಬದಲಿಸಬೇಕು, ಮುಗಿಸುವಾಗ ಮೊದಲಿನಂತೆಯೇ ಮಾಡಿ ಹೋಗಬೇಕು. ಅನಂತರ ಫೋಲ್ಡರಿನ ಪಟ್ಟಿಯನ್ನು ಓದುವುದು, ಒಂದು ಕ್ರಮದಲ್ಲಿ ಜೋಡಿಸುವುದು, ತೆರೆಯಲ್ಲಿ ಹಿಡಿಸುವಷ್ಟನ್ನು ಬರೆಯುವುದು, ಕೀಲಿಗಾಗಿ ಕಾಯುವುದು. ಐದು ಸಾವಿರ ಹೆಸರುಗಳಿದ್ದರೂ ತೆರೆಯಲ್ಲಿ ಕಾಣುವುದು ಇಪ್ಪತ್ತು ಮೂವತ್ತು ಸಾಲು. ಗಾತ್ರ ದಿನಾಂಕಗಳನ್ನು ಆ ಸಾಲುಗಳಿಗೆ ಮಾತ್ರ ವಿಚಾರಿಸಿದರೆ ಸಾಕು. ಹಗುರತನದ ಗುಟ್ಟು ಬಹುಮಟ್ಟಿಗೆ ಇದರಲ್ಲಿಯೇ ಇದೆ. ಇಷ್ಟನ್ನು ಹೇಳುವ ಪುಸ್ತಕಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕಾಣದ ತೊಡಕು ಕನ್ನಡದ ಹೆಸರು ಬಂದಾಗ ತಲೆದೋರುತ್ತದೆ.

ಟರ್ಮಿನಲ್ಲಿನ ತೆರೆ ಚೌಕಮನೆಗಳ ಹಾಸು. ೧೯೭೮ರಲ್ಲಿ ಡಿಜಿಟಲ್ ಸಂಸ್ಥೆ ಹೊರತಂದ ವಿಟಿ-೧೦೦ ಎಂಬ ಯಂತ್ರದಲ್ಲಿ ಅಡ್ಡಕ್ಕೆ ೮೦, ಉದ್ದಕ್ಕೆ ೨೪ ಮನೆಗಳಿದ್ದವು. ಒಂದು ಮನೆಗೆ ಒಂದು ಅಕ್ಷರ ಎಂಬ ಕಟ್ಟಳೆಯನ್ನು ಇಂದಿನ ಟರ್ಮಿನಲ್ಲುಗಳೂ ಬಿಟ್ಟಿಲ್ಲ. ರೋಮನ್ ಲಿಪಿಗೆ ಇದು ಒಗ್ಗುತ್ತದೆ, ಕನ್ನಡಕ್ಕೆ ಒಗ್ಗದು. ಕೊಪ್ಪಳದ ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯವು. ವ್ಯಂಜನದ ಸುತ್ತ ಸ್ವರಚಿಹ್ನೆಯನ್ನು ಅಂಟಿಸುವ ಪದ್ಧತಿ ಆಗಲೇ ಇತ್ತು, ಅದರ ಸಂತತಿಯಾದ ಕನ್ನಡಕ್ಕೂ ಅದು ಬಂದಿದೆ. ಆದರೆ ಬಂಡೆಗೆ ಚೌಕಮನೆಗಳಿರಲಿಲ್ಲ. ಕೆತ್ತುವವನು ಮೇಲೆ ಕೆಳಗೆ ಬೇಕಾದೆಡೆಗೆ ಉಳಿಯನ್ನು ಒಯ್ಯಬಹುದಾಗಿತ್ತು.

೧೯೯೧ರ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಓಣಿ ಮೀಸಲಾಗಿದೆ. ಅಲ್ಲಿ ವ್ಯಂಜನಕ್ಕೊಂದು, ಗುಡಿಸಿಗೊಂದು, ಕೊಂಬಿಗೊಂದು, ಒತ್ತಕ್ಷರವನ್ನು ಸೂಚಿಸುವ ವಿರಾಮಕ್ಕೊಂದು ಹೀಗೆ ಬೇರೆ ಬೇರೆ ಸಂಕೇತ. ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳ ಹೆಸರನ್ನೇ ಎಣಿಸಿ ನೋಡಬಹುದು. ಕೊಪ್ಪಳ ಎಂಬಲ್ಲಿ ಅಕ್ಷರ ೩, ಸಂಕೇತ ೬. ಕುಷ್ಟಗಿಯಲ್ಲಿ ಅಕ್ಷರ ೩, ಸಂಕೇತ ೭. ಗಂಗಾವತಿಯಲ್ಲಿ ಅಕ್ಷರ ೪, ಸಂಕೇತ ೭. ಯಲಬುರ್ಗಾದಲ್ಲಿ ಅಕ್ಷರ ೪, ಸಂಕೇತ ೮. ಒಟ್ಟಿನಲ್ಲಿ ೧೪ ಅಕ್ಷರಗಳಿಗೆ ೨೮ ಸಂಕೇತ. ರೂಢಿಯಲ್ಲಿರುವ ಯುಟಿಎಫ್-೮ ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟ್. ಲಿನಕ್ಸಿನಲ್ಲಿ ಕಡತದ ಹೆಸರು ೨೫೫ ಬೈಟುಗಳನ್ನು ಮೀರುವಂತಿಲ್ಲವಾದ್ದರಿಂದ ಕನ್ನಡಕ್ಕೆ ದೊರೆಯುವುದು ೮೫ ಸಂಕೇತ, ಅಂದರೆ ಸುಮಾರು ೪೨ ಅಕ್ಷರ. ಅಭಿನಂದನ ಗ್ರಂಥದ ಪೂರ್ಣ ಶೀರ್ಷಿಕೆಯನ್ನೇ ಹೆಸರಾಗಿಡಲು ಹೋದರೆ ಯಂತ್ರ ಒಪ್ಪದಿರುವುದಕ್ಕೆ ಕಾರಣ ಇದು.

ಇನ್ನು ಮನೆಗಳ ಲೆಕ್ಕ. ಯಾವ ಸಂಕೇತಕ್ಕೆ ಎಷ್ಟು ಮನೆ ಎಂದು ಹೇಳುವ ಪಟ್ಟಿಗಳಿವೆ. ಮಾರ್ಕಸ್ ಕೂನ್ ಅವರದು ಬಹು ಪ್ರಸಿದ್ಧ. ಅದರಂತೆ ಗುಡಿಸು, ಏತ್ವ, ವಿರಾಮ ಇವುಗಳಿಗೆ ಮನೆಯಿಲ್ಲ. ತಲೆಕಟ್ಟಿನ ದೀರ್ಘ, ಕೊಂಬು, ಸೊನ್ನೆಗಳಿಗೆ ಒಂದೊಂದು ಮನೆ. ಕಿ ಎಂಬುದಕ್ಕೆ ಒಂದು, ಕೀ ಎಂಬುದಕ್ಕೆ ಎರಡು ಎಂದಾಗ ಲಘು ಗುರುಗಳ ನೆನಪಾಗುವುದು ಸಹಜ. ಆದರೆ ಕು ಎಂಬ ಲಘುವಿಗೂ ಎರಡು ಮನೆ ಬೀಳುತ್ತದೆ! ಗಂಗಾವತಿಗೆ ಮಾತ್ರೆಯೂ ೬, ಮನೆಯೂ ೬ ಆಗುವುದು ಕೇವಲ ಕಾಕತಾಳೀಯ. ಕೊಪ್ಪಳಕ್ಕೆ ಮಾತ್ರೆ ೪, ಮನೆ ೫. ಯಲಬುರ್ಗಾಕ್ಕೆ ಮಾತ್ರೆ ೬, ಮನೆ ೭. ಛಂದಸ್ಸು ಕಿವಿಯನ್ನು ನಂಬಿದ ಶಾಸ್ತ್ರ, ಈ ಪಟ್ಟಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಹೊಸ ಪಟ್ಟಿಗಳಲ್ಲಿ ಕೆಲವು ಬೇರೆ ರೀತಿಯಾಗಿ ಎಣಿಸುತ್ತವೆ. ತಂತ್ರಾಂಶ ಒಂದು ಪಟ್ಟಿಯನ್ನೂ ಟರ್ಮಿನಲ್ಲು ಇನ್ನೊಂದನ್ನೂ ಹಿಡಿದರೆ ಸಾಲುಗಳು ಹಲ್ಲುಬಿದ್ದ ಬಾಚಣಿಗೆಯಂತೆ ಹಿಂದೆಮುಂದಾಗುತ್ತವೆ. ಕಿಟಕಿಗಳಿಲ್ಲದ ಲಿನಕ್ಸಿನ ಬರಿಯ ಕನ್ಸೋಲಿನಲ್ಲಂತೂ ೫೧೨ಕ್ಕಿಂತ ಹೆಚ್ಚು ಆಕೃತಿಗಳಿಗೆ ಎಡೆಯಿಲ್ಲ. ಕನ್ನಡವನ್ನು ಅಲ್ಲಿ ಸರಿಯಾಗಿ ಕಾಣುವ ಆಸೆ ಬೇಡ.

ಇದಕ್ಕೆ ಒಂದು ಸುಲಭವಾದ ಪರಿಹಾರವುಂಟು. ಗಾತ್ರ ಮತ್ತು ದಿನಾಂಕಗಳನ್ನು ಸಾಲಿನ ಮೊದಲಿಗೆ ಬರೆದು ಹೆಸರನ್ನು ಕೊನೆಗಿಟ್ಟರೆ, ಹೆಸರಿನ ಅಳತೆ ಹೆಚ್ಚುಕಡಮೆಯಾದರೂ ಉಳಿದ ಅಂಕಣಗಳು ಕೆಡುವುದಿಲ್ಲ. ಹೆಸರು ಉದ್ದವಾಗಿ ತುಂಡರಿಸಬೇಕಾದಾಗ ಮಾತ್ರ ಅಕ್ಷರದ ನಡುವೆ ಕತ್ತರಿ ಬೀಳಬಾರದು. ಸ್ವರಚಿಹ್ನೆಯ ಹಿಂದೆ ಕತ್ತರಿಸಕೂಡದು. ವಿರಾಮವಾದ ಮೇಲೆ ವ್ಯಂಜನ ಬಂದರೆ ಅಲ್ಲಿಯೂ ಕೂಡದು. ಇದನ್ನು ಹೇಳಿಕೊಡಲು ಗಣಕದ ಪಂಡಿತರೇ ಬೇಕಾಗಿಲ್ಲ, ಕಾಗುಣಿತ ಬಲ್ಲ ನಾಲ್ಕನೆಯ ತರಗತಿಯ ಬಾಲಕನೇ ಸಾಕು.

ಅಕಾರಾದಿ ಕ್ರಮದ ವಿಷಯಕ್ಕೆ ಬರೋಣ. ಸಂಕೇತಗಳ ಸಂಖ್ಯೆಯಂತೆ ಜೋಡಿಸಿದರೆ ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಂದು ಸರಿಯಾಗಿಯೇ ಬರುತ್ತದೆ. ಆದರೆ ಯೂನಿಕೋಡಿನಲ್ಲಿ ಳಕಾರದ ಸ್ಥಾನ ಲಕಾರದ ಮಗ್ಗುಲಿಗಿದೆ, ಕನ್ನಡ ವರ್ಣಮಾಲೆಯಲ್ಲಿ ಹಕಾರದ ಅನಂತರ. ಆದುದರಿಂದ ‘ಕಳಸ’ವು ‘ಕವಿ’ಗಿಂತ ಮುಂದೆ ಬಂದು ಕೂಡುತ್ತದೆ. ಸೊನ್ನೆಯ ಸಂಕೇತ ಅಕಾರಕ್ಕಿಂತಲೂ ಮೊದಲಿನದು. ಕಾಗುಣಿತದಲ್ಲಿ ಗೌ ಆದ ಮೇಲೆ ಗಂ ಬರುವುದಾದರೆ ಇಲ್ಲಿ ‘ಗಂಗಾವತಿ’ ‘ಗದಗ’ವನ್ನು ಹಿಂದಿಕ್ಕುತ್ತದೆ. ಇಂಗ್ಲಿಷ್ ಅಂಕಿಯಿಂದ ಆರಂಭವಾಗುವ ಹೆಸರು ಪಟ್ಟಿಯ ತಲೆಗೂ ಕನ್ನಡ ಅಂಕಿಯದು ಬಾಲಕ್ಕೂ ಹೋಗುತ್ತವೆ. ‘ತರಗತಿ೧೦’ ಎಂಬುದು ‘ತರಗತಿ೨’ಕ್ಕಿಂತ ಮುಂಚೆ ಬರುತ್ತದೆ. ಕನ್ನಡದ ಕ್ರಮವನ್ನು ಸಂಖ್ಯೆಗಳಿಗೆ ಒಪ್ಪಿಸದೆ ಬೇರೆ ಕೋಷ್ಟಕವೊಂದನ್ನು ತಂತ್ರಾಂಶದಲ್ಲಿಡುವುದು ಲೇಸು. ಐವತ್ತು ಅರುವತ್ತು ನಮೂದುಗಳ ಕೋಷ್ಟಕದಿಂದ ಭಾರವೇನೂ ಹೆಚ್ಚದು.

ಎಲ್ಲಕ್ಕಿಂತ ಅಪಾಯಕರವಾದುದು ಕಣ್ಣಿಗೆ ಕಾಣದ ಭೇದ. ಕವಿರಾಜಮಾರ್ಗ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಆ ಹೆಸರಿನ ಮೊದಲ ಅಕ್ಷರವಾದ ‘ಕೊ’ವನ್ನು ಯಂತ್ರದಲ್ಲಿ ಎರಡು ಬಗೆಯಾಗಿ ಬರೆಯಬಹುದು. ಕಕಾರಕ್ಕೆ ಓತ್ವದ ಒಂದೇ ಸಂಕೇತ ಹಚ್ಚುವುದು ಒಂದು. ಏತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ಸಂಕೇತ ಹಚ್ಚುವುದು ಇನ್ನೊಂದು. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಸಾರುತ್ತದೆ. ಲಿನಕ್ಸು ಅದನ್ನು ಲಕ್ಷಿಸದೆ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಆಪಲ್ ಗಣಕಗಳ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ತಂದ ‘ಕೊಪ್ಪಳ’ವೂ ಇಲ್ಲಿ ಬೆರಳಚ್ಚಿಸಿದ ‘ಕೊಪ್ಪಳ’ವೂ ಒಂದೇ ಪಟ್ಟಿಯಲ್ಲಿ ಎರಡಾಗಿ ಕುಳಿತಿರಬಲ್ಲವು. ಹುಡುಕಿದವನಿಗೆ ಒಂದು ಸಿಕ್ಕುತ್ತದೆ, ಇನ್ನೊಂದು ಸಿಕ್ಕದು; ಎರಡೂ ಒಂದೇ ಎಂದು ಬಗೆದು ಒಂದನ್ನು ಅಳಿಸಿದವನು ಮೂವತ್ತು ವರ್ಷದ ಚಿತ್ರಗಳನ್ನು ಕಳೆದುಕೊಂಡಾನು. ‘ರ‍್ಯಾಂಕ್’ ಮುಂತಾದ ಶಬ್ದಗಳಲ್ಲಿ ಅರ್ಕಾವೊತ್ತು ಬರದಂತೆ ತಡೆಯುವ ಅದೃಶ್ಯ ಸಂಕೇತವೊಂದು ಸೇರಿಕೊಂಡಿರುವುದೂ ಇಂಥದೇ. ಹೋಲಿಸುವಾಗ ಎರಡೂ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸಬೇಕು. ಆದರೆ ಡಿಸ್ಕಿನಲ್ಲಿರುವ ಹೆಸರನ್ನು ತಂತ್ರಾಂಶ ತಾನಾಗಿ ತಿದ್ದಕೂಡದು. ಪ್ರತಿಯ ಪಾಠವನ್ನು ಲಿಪಿಕಾರ ತಿದ್ದಬಾರದೆಂಬುದು ಗ್ರಂಥಸಂಪಾದನೆಯಲ್ಲಿಯೂ ಮಾನ್ಯವಾದ ನಿಯಮ. ಒಂದೇ ರೂಪದ ಎರಡು ಹೆಸರುಗಳಿದ್ದರೆ ಅವುಗಳ ಮುಂದೆ ಒಂದು ಗುರುತು ಹಾಕಿ ಬಳಸುವವರಿಗೆ ತೋರಿಸಿದರೆ ಸಾಕು.

ಅಳಿಸುವ ಕೆಲಸದಲ್ಲಿ ಎರಡು ಎಚ್ಚರಿಕೆ. ಅಳಿಸೆಂದೊಡನೆ ಅಳಿಸದೆ ಕಸದಬುಟ್ಟಿಯ ಫೋಲ್ಡರಿಗೆ ಸಾಗಿಸುವುದು ಒಂದು. ಫೋಲ್ಡರಿನಲ್ಲಿ ಬೇರೆಡೆಗೆ ಕೈತೋರುವ ಕೊಂಡಿ ಇದ್ದರೆ ಆ ಕೊಂಡಿಯನ್ನು ಮಾತ್ರ ತೆಗೆದು, ಅದು ತೋರುವ ಜಾಗಕ್ಕೆ ಇಳಿಯದಿರುವುದು ಇನ್ನೊಂದು. ಎರಡನೆಯದನ್ನು ಮರೆತ ತಂತ್ರಾಂಶ ತರಗತಿಯ ಅಭ್ಯಾಸದ ಫೋಲ್ಡರನ್ನು ಅಳಿಸಲು ಹೋಗಿ ಹಸ್ತಪ್ರತಿಗಳ ಮೂಲವನ್ನೇ ಅಳಿಸಬಹುದು.

ಕಟ್ಟಿ ಮುಗಿಸಿದ ಸಾಧನವನ್ನು ನೇರವಾಗಿ ದಾಖಲೆಗಳ ಮೇಲೆ ಪ್ರಯೋಗಿಸಬಾರದು. ಬರಿದಾದ ಫೋಲ್ಡರೊಂದರಲ್ಲಿ ನಾಲ್ಕು ತಾಲೂಕುಗಳ ಹೆಸರು, ಕೊಪ್ಪಳದ ಎರಡು ರೂಪ, ಕಳಸ ಮತ್ತು ಕವಿ, ತರಗತಿ೨ ಮತ್ತು ತರಗತಿ೧೦, ರ‍್ಯಾಂಕ್, ೮೫ ಸಂಕೇತಗಳ ಒಂದು ಉದ್ದನೆಯ ಹೆಸರು, ಹೊರಗಿನ ಫೋಲ್ಡರಿಗೆ ಕೈತೋರುವ ಒಂದು ಕೊಂಡಿ ಇಷ್ಟನ್ನು ಇರಿಸಿ, ತೆರೆಯುವುದು, ಜೋಡಿಸುವುದು, ಹೆಸರು ಬದಲಿಸುವುದು, ಪೆನ್‌ಡ್ರೈವಿಗೆ ಸಾಗಿಸುವುದು, ಅಳಿಸುವುದು ಒಂದೊಂದನ್ನೂ ನಡೆಸಿ ನೋಡಬೇಕು. ಸಾಗಿಸುವ ನಡುವೆ ಪೆನ್‌ಡ್ರೈವನ್ನು ಬೇಕೆಂದೇ ಕಿತ್ತು, ಮೂಲ ಉಳಿದಿದೆಯೇ ಎಂದು ನೋಡುವುದನ್ನೂ ಈ ಪರೀಕ್ಷೆಯಲ್ಲಿ ಸೇರಿಸಿಕೊಳ್ಳಬೇಕು.