ರಿಮ್ಮಿನ ಬೆನ್ನ ಮೇಲಿನ ಲೆಕ್ಕ

ಹಳೇ ಕಾರು ಸಾಕುವವರು ಖರ್ಚಿನ ಪುಸ್ತಕ ಇಡಬಾರದು ಎನ್ನುತ್ತಾರೆ. ನಾನು ಇಟ್ಟಿದ್ದೇನೆ. ಅದರಲ್ಲಿ ಎಂಜಿನ್ನಿಗಿಂತ, ತುಕ್ಕಿಗಿಂತ ಹೆಚ್ಚು ಕೂಡಿ ಕಳೆದದ್ದು ಚಕ್ರಗಳ ಪುಟದಲ್ಲಿ. ಕಾರು 1983ರ ಮರ್ಸಿಡಿಸ್ 240ಡಿ, ಗೊತ್ತಿದ್ದವರು ಡಬ್ಲ್ಯು123 ಎನ್ನುವ ಮಾದರಿ. 1976ರಲ್ಲಿ ಮಾರುಕಟ್ಟೆಗೆ ಬಂದು, ಎಲ್ಲ ರೂಪಗಳೂ ಸೇರಿ ಸುಮಾರು 27 ಲಕ್ಷ ತಯಾರಾದ ಗಾಡಿ. ಜರ್ಮನಿಯ ಟ್ಯಾಕ್ಸಿಗಳೆಲ್ಲ ಒಂದು ಕಾಲಕ್ಕೆ ಇದೇ. ಅದು ತಯಾರಾಗುತ್ತಿದ್ದ ಸಿಂಡೆಲ್ಫಿಂಗೆನ್ ಈಗ ನಾನಿರುವ ಊರು. ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆನಿಂತ ಕನ್ನಡಿಗರಲ್ಲಿ ನಾನೂ ಒಬ್ಬ.

ಮೂಲ ಚಕ್ರಗಳು 14 ಇಂಚಿನವು. ಆ ಅಳತೆಯಲ್ಲಿ ಒಳ್ಳೆಯ ಟೈರು ಬೇಕೆಂದರೆ ಅಂಗಡಿಯವನು ಹಿಂದಿನ ಗೋದಾಮಿಗೆ ಹೋಗಿ, ಬರಿಗೈಯಲ್ಲಿ ಬಂದು, ತರಿಸಿಕೊಡುತ್ತೇನೆ ಎನ್ನುತ್ತಾನೆ. ತರಿಸಿದ್ದಕ್ಕೆ ಬೆಲೆಯೂ ಹಾಗೇ. ಹಾಗಾಗಿ ಹೊಸ ಕಾಲದ ಚಕ್ರ ಹಾಕಿಸುವ ಯೋಚನೆ ಬಂತು. ಯಾರೋ 2010ರ ಸುಮಾರಿನ ಸಿ ಕ್ಲಾಸ್ ಕಾರಿನ 17 ಇಂಚಿನ ಅಲಾಯ್ ಸೆಟ್ ಅನ್ನು ಟೈರು ಸಮೇತ ಅಗ್ಗಕ್ಕೆ ಮಾರುತ್ತಿದ್ದರು. ಐದು ಬೋಲ್ಟು, ಬೋಲ್ಟುಗಳ ವೃತ್ತ 112 ಮಿಲಿಮೀಟರ್, ನಡುವಿನ ತೂತು 66.6. ಮೂರೂ ನನ್ನ ಕಾರಿನವೇ. ಮೈಸೂರಿನ ಗೆಳೆಯ ಫೋಟೋ ನೋಡಿದವನೇ, ‘ಕೂರುತ್ತಲ್ಲ ಗುರು, ಇನ್ನೇನು ನೋಡ್ತೀಯ? ಹಾಕ್ಬಿಡು’ ಅಂದ.

ಕೂರುತ್ತದೆ, ನಿಜ. ಅಳತೆ ಸರಿಯಿದ್ದೂ ಹೆಬ್ಬೆರಳು ಒತ್ತುವ ಚಪ್ಪಲಿ ಕೂತ ಹಾಗೆ.

ಅಲಾಯ್ ಚಕ್ರವನ್ನು ಮಗುಚಿ, ಬ್ರೇಕಿನ ಕರಿ ಪುಡಿ ಒರೆಸಿದರೆ ಲೋಹದಲ್ಲೇ ಎರಕ ಹೊಯ್ದ ಅಂಕಿಗಳು ಕಾಣುತ್ತವೆ. ಈ ಸೆಟ್ಟಿನ ಬೆನ್ನ ಮೇಲಿದ್ದದ್ದು: 7.5ಜೆ × 17, ಇಟಿ47. ಮೊದಲ ಅಂಕಿ ರಿಮ್ಮಿನ ಅಗಲ, ಎರಡನೆಯದು ವ್ಯಾಸ, ಎರಡೂ ಇಂಚಿನಲ್ಲಿ. ಇಟಿ ಅಂದರೆ ಆಫ್‌ಸೆಟ್. ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಹಬ್ಬಿಗೆ (ಕಾರಿನಲ್ಲಿ ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಭಾಗಕ್ಕೆ) ಅಂಟಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಲೆಕ್ಕ. ಈ ಅಂಕಿ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ. ಹಳೇ ಕಾರುಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಸಣ್ಣದು, ಈಗಿನವುಗಳಲ್ಲಿ ದೊಡ್ಡದು. ಇಡೀ ತಕರಾರು ಇಲ್ಲೇ.

ಕಾಗದ, ಪೆನ್ಸಿಲ್ ಸಾಕು. ನನ್ನ ಮೂಲ ಚಕ್ರ 5.5ಜೆ, ಇಟಿ30. ಐದೂವರೆ ಇಂಚಿನ ಅರ್ಧ ಸುಮಾರು 70 ಮಿಲಿಮೀಟರ್. ಅದಕ್ಕೆ 30 ಕೂಡಿಸಿದರೆ ಹಬ್ಬಿನ ಮುಖದಿಂದ ಒಳಬದಿಗೆ 100, ಕಳೆದರೆ ಹೊರಬದಿಗೆ 40. ಸಿ ಕ್ಲಾಸಿನದಕ್ಕೆ ಅರ್ಧ ಅಗಲ 95; ಒಳಕ್ಕೆ 142, ಹೊರಕ್ಕೆ 48. ಅಂದರೆ ಹೊರಗೆ ನಿಂತು ನೋಡುವವನಿಗೆ ಎಂಟೇ ಮಿಲಿಮೀಟರ್ ವ್ಯತ್ಯಾಸ, ಒಳಗೆ ಮಾತ್ರ ರಿಮ್ಮು 42 ಮಿಲಿಮೀಟರ್ ನುಗ್ಗಿ ಬಂದಿರುತ್ತದೆ. ಸಸ್ಪೆನ್ಶನ್ ತೋಳು, ಸ್ಟಿಯರಿಂಗ್ ಕಡ್ಡಿ, ಬ್ರೇಕಿನ ರಬ್ಬರ್ ಕೊಳವೆ ಎಲ್ಲ ಇರುವುದು ಆ ಬದಿಯಲ್ಲೇ. ಸಾಲದ್ದಕ್ಕೆ ಬೋಲ್ಟೂ ಬೇರೆ: ನನ್ನದು 12 ಮಿಲಿಮೀಟರಿನದು, ಅದರದು 14. ಬೋಲ್ಟಿನ ತಲೆ ಕೂರುವ ಬಟ್ಟಲಿನ ದುಂಡು ಕೂಡ ಹೊಂದುವುದಿಲ್ಲ.

ಹಬ್ಬಿಗೂ ಚಕ್ರಕ್ಕೂ ನಡುವೆ 20 ಮಿಲಿಮೀಟರಿನ ಸ್ಪೇಸರ್ ಹಾಕಿ ಹೊರಕ್ಕೆ ತಳ್ಳಬಹುದು. ಆಗ ಆಫ್‌ಸೆಟ್ 27 ಆಯಿತು. ಆದರೂ ಒಳಬದಿ ಮೂಲಕ್ಕಿಂತ 22 ಹೆಚ್ಚೇ, ಹೊರಬದಿ 28 ಹೆಚ್ಚು. ಸ್ಪೇಸರಿನ ದುಡ್ಡು, ಉದ್ದದ ಬೋಲ್ಟುಗಳ ದುಡ್ಡು, ಮಾರ್ಪಾಡಿಗೆ ಅನುಮತಿ ಪಡೆಯುವ ತಪಾಸಣೆಯ ದುಡ್ಡು. ಅಗ್ಗದ ಸೆಟ್ಟು ಇಲ್ಲಿಗೇ ಅಗ್ಗವಾಗಿ ಉಳಿದಿರುವುದಿಲ್ಲ.

ಆದರೆ ಇದೆಲ್ಲ ಚಿಲ್ಲರೆ. ದೊಡ್ಡ ಮೊತ್ತ ಇರುವುದು ನಂಬರ್ ಪ್ಲೇಟಿನ ಕೊನೆಯ ಅಕ್ಷರದಲ್ಲಿ. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ಎಚ್’ ಅಕ್ಷರದ ಪ್ಲೇಟು ಸಿಗುತ್ತದೆ. 1997ರಿಂದ ಇರುವ ವ್ಯವಸ್ಥೆ. ಅದಿದ್ದರೆ ಎಂಜಿನ್ ಎಷ್ಟು ದೊಡ್ಡದಿರಲಿ, ವರ್ಷದ ತೆರಿಗೆ 191.73 ಯೂರೋ ಅಷ್ಟೇ. ಇಲ್ಲದಿದ್ದರೆ ಯಾವ ಮಾಲಿನ್ಯ ದರ್ಜೆಗೂ ಸೇರದ ಹಳೇ ಡೀಸೆಲ್ ಕಾರಿಗೆ ಪ್ರತಿ 100 ಸಿಸಿಗೆ 37.58 ಯೂರೋ. 2.4 ಲೀಟರಿನ ನನ್ನ ಕಾರಿಗೆ ಅದು 900 ಯೂರೋ ಮುಟ್ಟುತ್ತದೆ. ವ್ಯತ್ಯಾಸ ವರ್ಷಕ್ಕೆ 700 ಯೂರೋ ಮೇಲೆ. ಜೊತೆಗೆ ಎಚ್ ಪ್ಲೇಟು ಹೋದರೆ ಸ್ಟುಟ್‌ಗಾರ್ಟ್ ನಗರದೊಳಕ್ಕೆ ಈ ಡೀಸೆಲ್ ಹೋಗುವಂತಿಲ್ಲ. ಮಾರ್ಪಾಡು ಮಾಡಬಹುದು, ಆದರೆ ಅದು ಕಾರಿನ ಕಾಲದ್ದಾಗಿರಬೇಕು. ಮೊದಲ ನೋಂದಣಿಯ ನಂತರದ ಹತ್ತು ವರ್ಷದೊಳಗೆ ಆಗಬಹುದಾಗಿದ್ದಂಥದ್ದು ಎಂಬುದು ತಪಾಸಕರ ಅಳತೆಗೋಲು. 1983ರ ಕಾರಿಗೆ ಗೆರೆ 1993ಕ್ಕೆ. ಇಪ್ಪತ್ತೊಂದನೇ ಶತಮಾನದ 17 ಇಂಚಿನ ಚಕ್ರ ನೋಡಿ ತಪಾಸಕ ತಲೆಯಾಡಿಸುವುದು ಯಾವ ದಿಕ್ಕಿಗೆಂದು ಹೇಳಬೇಕಾಗಿಲ್ಲ.

ಅನುಮತಿಯಿಲ್ಲದೆ ಹಾಕಿಕೊಂಡು ಓಡಾಡುವವರೂ ಇದ್ದಾರೆ. ಅಂಥ ಚಕ್ರದಿಂದಲೇ ಅಪಘಾತವಾದರೆ ವಿಮಾ ಕಂಪನಿ ಎದುರಿನವನಿಗೆ ಪರಿಹಾರ ಕೊಟ್ಟು, ಆಮೇಲೆ 5,000 ಯೂರೋವರೆಗೆ ಮಾಲೀಕನಿಂದಲೇ ವಸೂಲಿ ಮಾಡಬಹುದು.

ಕೊನೆಗೆ ನಾನು ಕೊಂಡದ್ದು ಎಂಬತ್ತರ ದಶಕದ ಎಸ್ ಕ್ಲಾಸಿನ, ಅಂದರೆ ಡಬ್ಲ್ಯು126ರ, ಹದಿನೈದು ತೂತಿನ ಅಲಾಯ್. 7ಜೆ × 15, ಇಟಿ25. ಇದರ ಲೆಕ್ಕ: ಒಳಕ್ಕೆ 114, ಹೊರಕ್ಕೆ 64. ಮೂಲಕ್ಕಿಂತ ಒಳಗೆ 14, ಹೊರಗೆ 24 ಹೆಚ್ಚು. ನಡುಗೆರೆ ಸರಿದದ್ದು ಬರೀ 5 ಮಿಲಿಮೀಟರ್, ಹಾಗಾಗಿ ಬೇರಿಂಗ್ ಮೇಲಿನ ಭಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಡಬ್ಲ್ಯು124ರ ಚಕ್ರವೂ 15 ಇಂಚಿನದೇ, ಆದರೆ ಆಫ್‌ಸೆಟ್ 48. ಫೋಟೋದಲ್ಲಿ ಮುಂಭಾಗ ಮಾತ್ರ ತೋರಿಸಿ ‘ಎಲ್ಲ ಹಳೇ ಬೆಂಜ್‌ಗೂ ಆಗುತ್ತದೆ’ ಎಂದು ಮಾರುವವರು ಬಹಳ. ಟೈರು 195/65 ಆರ್15 ಹಾಕಿಸಿದೆ. ಎಲ್ಲ ಅಂಗಡಿಯಲ್ಲೂ ಹತ್ತಾರು ಕಂಪನಿಯದು ಇರುವ ಅಳತೆ. ಮೊದಲಿದ್ದ 195/70 ಆರ್14ಕ್ಕೆ ಹೋಲಿಸಿದರೆ ಒಟ್ಟು ವ್ಯಾಸ 629ರಿಂದ 635 ಮಿಲಿಮೀಟರಿಗೆ ಹೋಯಿತು, ಒಂದು ಶೇಕಡಕ್ಕೂ ಕಡಿಮೆ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ತಪಾಸಕ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಮಡ್‌ಗಾರ್ಡಿನ ಅಂಚಿಗೆ ಕೈಯಿಟ್ಟು ನೋಡಿ, ದಾಖಲೆಗೆ ಸೇರಿಸಿದ. ಚಕ್ರಕ್ಕೆ ಸಿ ಕ್ಲಾಸಿನ ಸೆಟ್ಟಿಗಿಂತ ಹೆಚ್ಚು ಕೊಟ್ಟೆ. ಉಳಿದ ಎಚ್ ಪ್ಲೇಟು ಮೊದಲ ವರ್ಷದಲ್ಲೇ ಅದನ್ನು ತುಂಬಿಕೊಟ್ಟಿತು.

ಬೆಂಗಳೂರಿನಲ್ಲಿ ಇಂಥದೇ ಕಾರು, ಇಲ್ಲವೇ ಪದ್ಮಿನಿ, ಕಾಂಟೆಸ್ಸಾ ಇಟ್ಟುಕೊಂಡವರಿಗೆ ಮಿಲಿಮೀಟರಿನ ಲೆಕ್ಕ ಇದೇ, ರೂಪಾಯಿಯ ಲೆಕ್ಕ ಬೇರೆ. ನಮ್ಮಲ್ಲಿ 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅದಕ್ಕಿಂತ ಎಳೆಯ ಕಾರಿಗೆ ಜರ್ಮನಿಯ ಥರದ ತೆರಿಗೆ ರಿಯಾಯಿತಿ ಇಲ್ಲ, ಹೊಡೆತ ಬೀಳುವುದು ವಿಮೆಯಲ್ಲಿ. ಹೊರಗಿನಿಂದ ತಂದು ಹಾಕಿಸಿದ ಅಲಾಯ್ ಅನ್ನು ಪಾಲಿಸಿಯಲ್ಲಿ ಬಿಡಿಸಿ ಬರೆಸಿರದಿದ್ದರೆ ಅದಕ್ಕೆ ಪರಿಹಾರ ಕೇಳುವುದು ಕಷ್ಟ. ಬರೆಸಿದ್ದರೂ, ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಸವಕಳಿ ಕಳೆಯುತ್ತಾರೆ. ಗುಂಡಿಗೆ ಬಿದ್ದು ಬಾಗಿದ 20,000 ರೂಪಾಯಿಯ ರಿಮ್ಮಿಗೆ 10,000. 1,500 ಸಿಸಿ ಮೀರಿದ ಕಾರಾದರೆ ಕಡ್ಡಾಯ ಕಡಿತ 2,000 ಹೋಗಿ ಕೈಗೆ ಬರುವುದು 8,000. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡೇ ಗೊತ್ತುಮಾಡುವುದು. ನವೀಕರಣದ ಹೊತ್ತಿಗೆ ಚಕ್ರದ ಬಿಲ್ಲು ಮುಂದಿಟ್ಟು ಆ ಮಾತು ಆಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ, ಸ್ಟುಟ್‌ಗಾರ್ಟಿನಲ್ಲಿ ಕೊಂಡರೂ ಮುಂಗಡ ಕೊಡುವ ಮುಂಚೆ ರಿಮ್ಮಿನ ಹಿಂಭಾಗದ ಫೋಟೋ ಕೇಳಿ. ‘ಅದೆಲ್ಲ ಯಾಕೆ ಸಾರ್, ಕೂರುತ್ತೆ’ ಎಂದರೆ ಬೇರೆ ಅಂಗಡಿ ನೋಡಿಕೊಳ್ಳಿ.