ಗೆಂಗಾರ್ ಕೈಗೆ ಬಂದರೆ: ಆರು ಪಾಠಗಳು

ಹಲಸೂರು, ಇಂದಿರಾನಗರದ ಮಕ್ಕಳೊಂದಿಗೆ ಪೋಕೆಮಾನ್ ಕಾರ್ಡ್ ಆಡುತ್ತ, ಅದಲು ಬದಲು ಮಾಡುತ್ತ ಬಂದವನು ನಾನು. ಪಿಕಾಚು, ಚಾರಿಜಾರ್ಡ್ ಬಿಟ್ಟರೆ ಅವರು ಮುಗಿಬೀಳುವುದು ನೇರಳೆ ಮೈಯ, ಹಲ್ಲು ಕಿರಿಯುವ ದೆವ್ವ ಗೆಂಗಾರ್‌ಗೆ. ಅದರ ಸಹವಾಸದಲ್ಲಿ ಕಲಿತದ್ದು ಇಷ್ಟು.

1. ಚಿತ್ರ ನೋಡುವ ಮೊದಲು ಸಂಖ್ಯೆ ಓದಿ. 1999ರ ಫಾಸಿಲ್ ಸೆಟ್‌ನಲ್ಲಿ ಗೆಂಗಾರ್ ಚಿತ್ರ ಒಂದೇ, ಕಾರ್ಡ್ ಎರಡು. 5/62 ಹೊಳೆಯುತ್ತದೆ, 20/62 ಹೊಳೆಯುವುದಿಲ್ಲ. ಎರಡಕ್ಕೂ ಅಪರೂಪದ್ದು ಎನ್ನುವ ನಕ್ಷತ್ರದ ಗುರುತಿದೆ, ಬೆಲೆ ಮಾತ್ರ ಬೇರೆ. 2021ರ ಫ್ಯೂಷನ್ ಸ್ಟ್ರೈಕ್ ಸೆಟ್‌ನ ಒಂದು ಗೆಂಗಾರ್ ವಿಮ್ಯಾಕ್ಸ್ ಮೇಲೆ 271/264 ಎಂದಿದೆ. ಅದು ಅಚ್ಚಿನ ತಪ್ಪಲ್ಲ. ಸೆಟ್‌ನ ಒಟ್ಟು ಲೆಕ್ಕ ಮೀರಿದ ಸಂಖ್ಯೆ ಎಂದರೆ ‘ಸೀಕ್ರೆಟ್ ರೇರ್’.

2. ಚಿನ್ನದ ಬಣ್ಣಕ್ಕೆ ಮರುಳಾಗಬೇಡಿ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಆಟಿಕೆ ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು ನಕಲಿ. ಪ್ಯಾಕಿನಲ್ಲಿ ಬರುವ ಅಸಲಿ ಕಾರ್ಡ್ ದಪ್ಪ ಕಾಗದದ್ದು, 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಪದರಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಫಾಸಿಲ್ ಗೆಂಗಾರ್‌ಗೆ 80 ಎಚ್‌ಪಿ (ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕ), 2024ರ ಗೆಂಗಾರ್ ಇಎಕ್ಸ್‌ಗೆ 310. ಸಾವಿರಗಟ್ಟಲೆ ಎಚ್‌ಪಿ ಕಂಡರೆ ಅಲ್ಲೇ ಕೈಬಿಡಿ.

3. ದೆವ್ವ ಹಂತ ಹಂತವಾಗಿ ಬರುತ್ತದೆ. ಸಾಮಾನ್ಯವಾಗಿ ಮೊದಲು ಗ್ಯಾಸ್ಟ್ಲಿ, ಆಮೇಲೆ ಹಾಂಟರ್, ಕೊನೆಗೆ ಗೆಂಗಾರ್. 60 ಕಾರ್ಡಿನ ಡೆಕ್‌ನಲ್ಲಿ ಒಂದೇ ಹೆಸರಿನವು ನಾಲ್ಕು ಇರಬಹುದು. ನಾಲ್ಕು ಗೆಂಗಾರ್ ತುಂಬಿಕೊಂಡು ಒಂದೇ ಗ್ಯಾಸ್ಟ್ಲಿ ಇಟ್ಟವರ ಕೈಯಲ್ಲಿ ಗೆಂಗಾರ್ ಸುಮ್ಮನೆ ಕೂತಿರುತ್ತದೆ. ‘ರೇರ್ ಕ್ಯಾಂಡಿ’ ಕಾರ್ಡ್ ಇದ್ದರೆ ಹಾಂಟರ್ ದಾಟಿ ಹೋಗಬಹುದು, ಗ್ಯಾಸ್ಟ್ಲಿಯನ್ನು ದಾಟಲಾಗದು.

4. ಹೊಡೆತಕ್ಕಿಂತ ಕಾಟ ದೊಡ್ಡದು. ಫಾಸಿಲ್ ಗೆಂಗಾರ್‌ನ ‘ಕರ್ಸ್’ ಎದುರಾಳಿಯ ಒಂದು ಪೋಕೆಮಾನ್ ಮೇಲಿನ ಪೆಟ್ಟಿನ ಬಿಲ್ಲೆಯನ್ನು ಅವರದೇ ಇನ್ನೊಂದರ ಮೇಲೆ ಸರಿಸುತ್ತದೆ. ಗೆಂಗಾರ್ ಇಎಕ್ಸ್ ಇನ್ನೂ ತುಂಟ: ಎದುರಾಳಿ ಹೊಡೆಯಲು ಬೇಕಾದ ಎನರ್ಜಿ ಕಾರ್ಡನ್ನು ಕೈಯಿಂದ ತನ್ನ ಪೋಕೆಮಾನ್‌ಗೆ ಹಾಕಿದಾಗಲೆಲ್ಲ ಆ ಪೋಕೆಮಾನ್‌ಗೆ 20ರ ಪೆಟ್ಟು. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದ ಊರು ನಮ್ಮದು. ಇಲ್ಲಿ ಆ ಉಪಾಯ ನಡೆಯದು. ಎನರ್ಜಿ ಹಾಕುವುದನ್ನು ನಾಳೆಗೆ ತಳ್ಳಿದರೆ ಎದುರಾಳಿಗೇ ಹೊಡೆಯಲಾಗದು.

5. ಮಳೆಗಾಲಕ್ಕೆ ಮುಂಚೆ ಕವರ್ ಹಾಕಿ. ತೇವಕ್ಕೆ ಹೊಳೆಯುವ ಕಾರ್ಡಿನ ಕಾಗದ ಹಿಗ್ಗಿ, ಲೋಹದ ಪದರ ಹಿಗ್ಗದೆ, ಕಾರ್ಡ್ ಬಾಗುತ್ತದೆ. 66×91 ಮಿ.ಮೀ. ಅಳತೆಯ ಸ್ಲೀವ್ ಕೇಳಿ. ಯು-ಗಿ-ಓ ಎಂಬ ಇನ್ನೊಂದು ಆಟದ ಕಾರ್ಡಿನ ಸಣ್ಣ ಸ್ಲೀವ್ ಹಿಡಿಸುವುದಿಲ್ಲ. ರಬ್ಬರ್ ಬ್ಯಾಂಡಂತೂ ಬೇಡವೇ ಬೇಡ, ಅಂಚು ಹಾಳಾಗುತ್ತದೆ.

6. ಚಿಕ್ಕವರೊಂದಿಗೆ ವ್ಯವಹಾರ ಮಾಡುವಾಗ ಬೆಲೆ ಹೇಳಿಯೇ ಮಾಡಿ. “ಅಣ್ಣಾ, ಇದಕ್ಕೆ ಪಿಕಾಚು ಕೊಡ್ತೀಯಾ?” ಎಂದು ಕೇಳುವ ಹುಡುಗನಿಗೆ ತನ್ನ ಕೈಯಲ್ಲಿರುವುದು ಏನೆಂದು ಗೊತ್ತಿರುವುದಿಲ್ಲ. “ಮನೇಲಿ ಕೇಳ್ಕೊಂಡು ಬಾರಪ್ಪ, ಆಮೇಲೆ ನೋಡೋಣ” ಎಂದರೆ ಕಳೆದುಕೊಳ್ಳುವುದೇನೂ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು: ಗೆಂಗಾರ್ ಸಿಕ್ಕೀತೆಂದು ಪ್ಯಾಕ್ ಮೇಲೆ ಪ್ಯಾಕ್ ಒಡೆಸುವುದು ಲಾಟರಿ. ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಡಿಸಿ. 157/264ರ ಗೆಂಗಾರ್ ವಿಮ್ಯಾಕ್ಸ್‌ಗೂ ದುಬಾರಿ 271/264ಕ್ಕೂ ಆಟದಲ್ಲಿ ಶಕ್ತಿ ಒಂದೇ. ಆಡುವ ಮಗುವಿಗೆ ಅಗ್ಗದ್ದೇ ಸಾಕು.