ನೂಲು ಚೀನಾದ್ದು, ನೇಯ್ಗೆ ಗಜೇಂದ್ರಗಡದ್ದು: ಸೀರೆ ಯಾವ ದೇಶದ್ದು?

ಪ್ರಶ್ನೆ: ಚೀನಾದ ರೇಷ್ಮೆ ನೂಲು ತರಿಸಿ ನಮ್ಮೂರಿನ ಮಗ್ಗದಲ್ಲಿ ಸೀರೆ ನೇಯ್ದು ಹೊರದೇಶಕ್ಕೆ ಕಳಿಸಿದರೆ, ಕಸ್ಟಮ್ಸ್‌ನವರು ಅದನ್ನು ಭಾರತದ್ದು ಎನ್ನುತ್ತಾರೋ, ಚೀನಾದ್ದು ಎನ್ನುತ್ತಾರೋ?
— ಓದುಗರೊಬ್ಬರು, ಗಜೇಂದ್ರಗಡ

ಉತ್ತರ: ಸರಕಿನ ಮೂಲ ದೇಶ ಯಾವುದೆಂಬುದರ ಮೇಲೆ ಅದಕ್ಕೆ ಬೀಳುವ ಸುಂಕ ನಿಂತಿರುತ್ತದೆ. ಹೀಗಾಗಿ ನಿಮ್ಮ ಸಂದೇಹ ವ್ಯಾಪಾರಕ್ಕೂ ನೇರವಾಗಿ ಸಂಬಂಧಿಸಿದ್ದು. ಸಾಮಾನ್ಯವಾಗಿ ಆ ಸೀರೆ ಭಾರತದ್ದೇ. ಕಾರಣ ತಿಳಿಯಲು, ಮೂಲದ ದೃಷ್ಟಿಯಿಂದ ಸರಕಿನ ಎರಡು ಗುಂಪುಗಳನ್ನು ನೋಡೋಣ.

ಮೊದಲನೆಯದು, ಪೂರ್ತಿ ಒಂದೇ ದೇಶದಲ್ಲಿ ಹುಟ್ಟಿದ ಸರಕು. ರೋಣದ ಹೊಲದಲ್ಲಿ ಬೆಳೆದ ಹೆಸರುಕಾಳು, ನರಗುಂದದಲ್ಲಿ ಬಿಡಿಸಿದ ಹತ್ತಿ ಈ ಗುಂಪಿಗೆ ಸೇರುತ್ತವೆ. ಇವು ಭಾರತದವು ಎಂಬುದರಲ್ಲಿ ಯಾವ ತಕರಾರೂ ಇಲ್ಲ.

ಎರಡನೆಯದು, ಎರಡು ಮೂರು ದೇಶಗಳ ಪಾಲಿರುವ ಸರಕು. ನಿಮ್ಮ ಸೀರೆ ಈ ಗುಂಪಿನದು. ಹೊರಗಿನ ಕಚ್ಚಾ ಮಾಲು ಕೊನೆಯ ಬಾರಿ ಎಲ್ಲಿ ಗಣನೀಯವಾಗಿ ಬದಲಾಗಿ ಹೊಸ ವಸ್ತುವಾಯಿತೋ ಅದೇ ಮೂಲ ದೇಶ. ಆ ಬದಲಾವಣೆಯನ್ನು ಅಳೆಯಲು ಮೂರು ದಾರಿಗಳಿವೆ: ಸುಂಕಪಟ್ಟಿಯಲ್ಲಿ ಸರಕಿನ ಶೀರ್ಷಿಕೆ ಸಂಖ್ಯೆ ಬದಲಾಯಿತೇ, ಇಲ್ಲಿ ಎಷ್ಟು ಮೌಲ್ಯ ಸೇರಿತು, ಗೊತ್ತುಪಡಿಸಿದ ಕೆಲಸ ಇಲ್ಲಿ ನಡೆಯಿತೇ. ಯಾವುದನ್ನು ಬಳಸಬೇಕೆಂಬುದು ಆಮದು ಮಾಡಿಕೊಳ್ಳುವ ದೇಶದ ಕಾನೂನು ಅಥವಾ ವ್ಯಾಪಾರ ಒಪ್ಪಂದದಲ್ಲಿರುತ್ತದೆ.

ಈಗ ಸೀರೆಗೆ ಬರೋಣ. ಸುಂಕಪಟ್ಟಿಯಲ್ಲಿ ರೇಷ್ಮೆ ನೂಲಿನ ಶೀರ್ಷಿಕೆ 5004, ನೇಯ್ದ ರೇಷ್ಮೆ ಬಟ್ಟೆಯದು 5007. ಹಾಸು ಹೂಡಿ, ಹೊಕ್ಕು ಹೊಡೆದು ಬಟ್ಟೆ ಮಾಡಿದಾಗ ಶೀರ್ಷಿಕೆ ಬದಲಾಯಿತು. ಅಮೆರಿಕದ ನಿಯಮವಂತೂ ಬಟ್ಟೆಗೆ ಸಾಮಾನ್ಯವಾಗಿ ಅದನ್ನು ನೇಯ್ದ ದೇಶವನ್ನೇ ಮೂಲವೆನ್ನುತ್ತದೆ.

ಮಲೇಷ್ಯಾ, ಥಾಯ್ಲೆಂಡ್ ಮುಂತಾದ ಆಸಿಯಾನ್ ದೇಶಗಳಿಗೆ ಕಳಿಸಿ, ಅವುಗಳೊಂದಿಗೆ ಭಾರತ ಮಾಡಿಕೊಂಡ, 2010ರಲ್ಲಿ ಜಾರಿಗೆ ಬಂದ ಒಪ್ಪಂದದ ಸುಂಕ ರಿಯಾಯಿತಿ ಕೇಳುವುದಾದರೆ ಎರಡು ಷರತ್ತುಗಳಿವೆ: ಆರು ಅಂಕಿಯ ಉಪಶೀರ್ಷಿಕೆ ಬದಲಾಗಿರಬೇಕು, ಹಡಗಿಗೇರಿಸುವವರೆಗಿನ ಬೆಲೆಯಲ್ಲಿ ಕನಿಷ್ಠ ಶೇ 35 ಪಾಲು ಒಪ್ಪಂದದ ದೇಶಗಳದ್ದಿರಬೇಕು. ಸೀರೆಯ ಬೆಲೆ 10,000 ರೂಪಾಯಿ, ಅದರಲ್ಲಿ ಚೀನಾ ನೂಲು 4,000 ರೂಪಾಯಿ ಎಂದುಕೊಳ್ಳಿ. ಉಳಿದದ್ದೆಲ್ಲ ಇಲ್ಲಿಯದೇ ಆದರೆ ಅದು ಶೇ 60. ಶೀರ್ಷಿಕೆಯೇ ಬದಲಾದ್ದರಿಂದ ಉಪಶೀರ್ಷಿಕೆಯೂ ಬದಲಾಗಿದೆ. ಎರಡೂ ಷರತ್ತುಗಳು ಈಡೇರಿದವು.

ಆದರೆ ಯಾವ ಕೆಲಸ ಮಾಡಿದರೂ ಮೂಲ ಬದಲಾಗಿಬಿಡುತ್ತದೆ ಎಂದೇನಿಲ್ಲ. ತಾಂಜಾನಿಯಾದ ತೊಗರಿಯನ್ನು ಕಲಬುರಗಿಯ ಮಿಲ್ಲಿನಲ್ಲಿ ಬೇಳೆ ಮಾಡಿದರೆ ಸಿಪ್ಪೆ ಹೋಗುತ್ತದೆ, ಕಾಳು ಒಡೆಯುತ್ತದೆ. ಆದರೂ ಶೀರ್ಷಿಕೆ 0713ರಲ್ಲೇ ಉಳಿಯುತ್ತದೆ, ಏಕೆಂದರೆ ಒಡೆದ ಕಾಳನ್ನೂ ಅಲ್ಲೇ ಸೇರಿಸಿದ್ದಾರೆ. ಹಸನು ಮಾಡುವುದು, ಚೀಲ ತುಂಬುವುದು, ಲೇಬಲ್ ಹಚ್ಚುವುದು ಕೂಡ ಸಾಲುವುದಿಲ್ಲ.

ಇಲ್ಲೊಂದು ಗೊಂದಲ ಸಹಜ. ಸರಕು ಯಾವ ಬಂದರಿನಿಂದ ಬಂತೋ, ಬಿಲ್ಲು ಯಾವ ದೇಶದ್ದೋ, ಅದೇ ಮೂಲ ದೇಶವೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅದೇ ತೊಗರಿಯನ್ನು ದುಬೈ ವ್ಯಾಪಾರಿ ಮಾರಿ, ದುಬೈ ಬಂದರಿನಿಂದಲೇ ಹಡಗೇರಿಸಿದರೂ ಅದು ತಾಂಜಾನಿಯಾದ್ದೇ.

ಕೊನೆಯದು, ದಾಖಲೆ. ಒಪ್ಪಂದದ ರಿಯಾಯಿತಿ ಬೇಕಾದರೆ ಮೂಲ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಿದೆ. ಬರಿಯ ಪತ್ರ ತೋರಿಸಿದರೆ ಮುಗಿಯಿತು ಎನ್ನುವಂತಿಲ್ಲ. ಭಾರತದಲ್ಲೇ 2020ರ ಸೆಪ್ಟೆಂಬರ್ 21ರಿಂದ, ರಿಯಾಯಿತಿ ಕೇಳುವ ಆಮದುದಾರರು ಸರಕು ಮೂಲದ ಷರತ್ತನ್ನು ಹೇಗೆ ಪೂರೈಸಿತೆಂಬ ಮಾಹಿತಿಯನ್ನು ಐದು ವರ್ಷ ಇಟ್ಟುಕೊಳ್ಳಬೇಕು.

ಆದ್ದರಿಂದ ನೂಲಿನ ಬಿಲ್ಲು, ನೇಯ್ಗೆಯ ಕೂಲಿ, ಬಣ್ಣದ ಖರ್ಚು ಎಲ್ಲವನ್ನೂ ಬರೆದಿಡಿ. ಚೀನಾ ನೂಲನ್ನು ಬಚ್ಚಿಡಬೇಕಾದ ಅಗತ್ಯವೇ ಇಲ್ಲ. ಅದನ್ನು ಸರಿಯಾಗಿ ತೋರಿಸಿದಾಗಲೇ ನಿಮ್ಮೂರಿನ ನೇಕಾರರು ಸೇರಿಸಿದ ಮೌಲ್ಯ ಎಷ್ಟೆಂದು ಲೆಕ್ಕಕ್ಕೆ ಸಿಗುತ್ತದೆ.